ಎರಡು ಡಿಸ್ಕು, ನಾಲ್ಕು ತಾಲ್ಲೂಕು

ಚನ್ನಗಿರಿ ಸೀಮೆಯಲ್ಲಿ ಅಡಿಕೆಗೆ ರೇಟು ಬಂತೆಂದರೆ ದುಡ್ಡು ಹೋಗುವ ದಾರಿಗೂ ಒಂದು ಕ್ರಮ ಇದೆ. ಮೊದಲು ಹೊಸ ಬೋರು. ಆಮೇಲೆ ಹೊಸ ಕಾರು. ಆಮೇಲೆ ಮಹಡಿ ಮೇಲೊಂದು ಮಹಡಿ. ಇಷ್ಟಾದ ಮೇಲೂ ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿಯೇ ಕೂತಿದ್ದರೆ ನನ್ನ ಷಡ್ಡಕರಂಥವರಿಗೆ ಕೈ ಕಡಿಯಲು ಶುರುವಾಗುತ್ತದೆ. ಅಡಿಕೆ ಸೊಸೈಟಿ ತುಮ್‌ಕೋಸ್‌ಗೆ ಮಾಲು ಬಿಟ್ಟು ಬಂದ ಸಂಜೆಯೇ ಫೋನು ಹಿಡಿದು ಕೂತು, ಊರಲ್ಲಿ ಇನ್ನೂ ಯಾರೂ ತರಿಸದ ಸಾಮಾನು ಯಾವುದಿದೆ ಎಂದು ಹುಡುಕುತ್ತಾರೆ. ಹಾಗೆ ಮನೆಗೆ ಬಂದದ್ದು ನ್ಯಾಸ್.

ನ್ಯಾಸ್ ಅಂದರೆ ದೊಡ್ಡ ಬ್ರಹ್ಮವಿದ್ಯೆ ಏನಲ್ಲ. ಒಳಗೆ ಎರಡು ಹಾರ್ಡ್‌ಡಿಸ್ಕು, ಹಿಂದೆ ಒಂದು ಫ್ಯಾನು, ರೌಟರಿಗೆ ಒಂದು ವಯರು. ಮನೆಮಂದಿಯ ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲಕ್ಕೂ ಅದು ಒಂದೇ ಕಣಜ. ಯಾರು ಬೇಕಾದರೂ ತುಂಬಬಹುದು, ಯಾರು ಬೇಕಾದರೂ ತೆಗೆಯಬಹುದು. ‘ಯಾರು ಬೇಕಾದರೂ’ ಎಂಬಲ್ಲೇ ತಕರಾರು ಇರುವುದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಂಟಸ್ತಿಕೆ ಹೇಳಿಬಿಡಬೇಕು, ಇಲ್ಲದಿದ್ದರೆ ಕತೆ ತಿಳಿಯುವುದಿಲ್ಲ. ಜಗಳೂರಿನ ನಮ್ಮ ಮಾವನವರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಚನ್ನಗಿರಿಗೆ, ಕಿರಿಯಳು ಹೊನ್ನಾಳಿಗೆ, ಅಂದರೆ ನನಗೆ. ನನ್ನ ತಂಗಿಯನ್ನು ಕೊಟ್ಟದ್ದು ನ್ಯಾಮತಿಗೆ. ನಾಲ್ಕೂ ತಾಲ್ಲೂಕು ನಮ್ಮ ಒಂದೇ ಮದುವೆ ಆಲ್ಬಮಿನಲ್ಲಿ ಸಿಗುತ್ತವೆ. ಸರ್ಕಾರದವರು ಹಾಗೆ ಸಿಗಿಸಲು 1997ರ ಆಗಸ್ಟ್ 15ರವರೆಗೆ ಕಾಯಬೇಕಾಯಿತು. ಚನ್ನಗಿರಿ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ಎತ್ತಿ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ನ್ಯಾಮತಿ ಆಗ ಹೊನ್ನಾಳಿಯ ಹೊಟ್ಟೆಯಲ್ಲೇ ಇತ್ತು, ಪ್ರತ್ಯೇಕ ತಾಲ್ಲೂಕಾದದ್ದು ಎರಡು ದಶಕ ಕಳೆದ ಮೇಲೆ. ಹಳೇ ಕಾಗದ ಯಾವ ಊರಿನ ಯಾವ ಬೀರುವಿನಲ್ಲಿದೆ ಎಂದು ಹುಡುಕುವುದು ನಮ್ಮ ಜನಕ್ಕೆ ಹೊಸದಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಷಡ್ಡಕರಿಗೆ ನ್ಯಾಸ್ ಯಾಕೆ ಬೇಕಾಯಿತು? ತಪ್ಪು ಗೂಗಲ್‌ನದು. ಅಲ್ಲಿಯತನಕ ಫೋಟೋಗಳನ್ನು ಪುಕ್ಕಟೆ, ಎಷ್ಟು ಬೇಕಾದರೂ ಇಟ್ಟುಕೊಳ್ಳುತ್ತೇವೆ ಎಂದವರು 2021ರ ಜೂನ್ 1ರಿಂದ ಹೊಸದಾಗಿ ಬರುವುದನ್ನೆಲ್ಲ 15 ಜಿಬಿ ಲೆಕ್ಕಕ್ಕೆ ಹಿಡಿದರು. ಅದರೊಳಗೆ ಜಿಮೇಲೂ ಬರಬೇಕು, ಫೋಟೋನೂ ಬರಬೇಕು. ಷಡ್ಡಕರ ಫೋನಿನಲ್ಲಿ ಶುಭೋದಯದ ಗುಲಾಬಿ ಹೂವೇ ಅದಕ್ಕಿಂತ ಹೆಚ್ಚಿದ್ದವು. ಅಳಿಸಿ ಅಂದರೆ, “ಪಾಪ, ಬೆಳಿಗ್ಗೆ ಬೆಳಿಗ್ಗೆ ಕಳಿಸಿರ್ತಾರೆ, ಹೆಂಗೆ ಅಳಿಸೋದು?” ಅನ್ನುವ ಮನುಷ್ಯ. ಒಂದೇ ಅಡಿಕೆ ಗೊನೆಗೆ ಒಂಬತ್ತು ಫೋಟೋ, ಅದರಲ್ಲಿ ನಾಲ್ಕರಲ್ಲಿ ಅವರದೇ ಹೆಬ್ಬೆರಳು. ಕೊಳೆರೋಗ ಬಂದಾಗ ಔಷಧಿ ಅಂಗಡಿಯವನಿಗೆ ತೋರಿಸಲು ತೆಗೆದದ್ದು, ರೋಗ ವಾಸಿಯಾದ ಮೇಲೂ ಉಳಿದದ್ದು.

ಹಾಗೆ ಬಂದ ಮೊದಲ ಡಬ್ಬಿಯಲ್ಲಿ ತಲಾ 2 ಟಿಬಿಯ ಎರಡು ಡಿಸ್ಕು ಇದ್ದವು. ಸಾಕಾಗಿತ್ತು. ಸಾಲದಂತೆ ಮಾಡಿದವನು ಅವರ ಕಿರಿಮಗ. ಹೋರಿ ಬೆದರಿಸುವ ಹಬ್ಬದ ಹುಚ್ಚು. ನ್ಯಾಮತಿ, ಹೊನ್ನಾಳಿ, ಶಿಕಾರಿಪುರ ಎಂದು ದೀಪಾವಳಿಯಿಂದ ಶುರುವಾದರೆ ಕೊಬ್ಬರಿ ಸರ, ಬಲೂನು ಕಟ್ಟಿದ ಹೋರಿ ಎಲ್ಲಿ ಓಡಿದರೂ ಇವನ ಡ್ರೋನು ಮೇಲಿನಿಂದ ಓಡುತ್ತದೆ. ಒಳ್ಳೇ ಕ್ಯಾಮೆರಾದಲ್ಲಿ 4ಕೆ ಹಿಡಿದರೆ ನಿಮಿಷಕ್ಕೆ ಅರ್ಧ ಜಿಬಿಗೂ ಮೇಲೆ ತಿನ್ನುತ್ತದೆ. ಹೋರಿ ಓಡುವುದು ಕ್ಷಣಮಾತ್ರ, ಅದು ಹೊರಡುತ್ತದೆಂದು ಕಾಯುವುದು ಅರ್ಧ ಗಂಟೆ. ಆ ಅರ್ಧ ಗಂಟೆಯ ಖಾಲಿ ಅಖಾಡವೂ ನಮ್ಮ ಷಡ್ಡಕರ ಡಬ್ಬಿಯಲ್ಲಿ ಭದ್ರವಾಗಿದೆ.

“ತಮ್ಮಾ, ದೊಡ್ಡ ಡಿಸ್ಕು ಹಾಕ್ಸಣ ಕಣೋ,” ಎಂದು ಫೋನು ಬಂತು. ಹೊಸದಾಗಿ 8 ಟಿಬಿಯವು ಎರಡು. ಕೊಳ್ಳುವುದಕ್ಕೂ ಅವರು ಅವಸರ ಮಾಡಲಿಲ್ಲ, ಅದನ್ನು ಮೆಚ್ಚಬೇಕು. 2020ರಲ್ಲಿ ಡಬ್ಲ್ಯುಡಿ ಕಂಪನಿ ತನ್ನ ರೆಡ್ ಡಿಸ್ಕುಗಳಲ್ಲಿ ಕೆಲವನ್ನು, ಗೆರೆ ಮೇಲೆ ಗೆರೆ ಹತ್ತಿಸಿ ಬರೆಯುವ ಎಸ್‌ಎಂಆರ್ ಪದ್ಧತಿಯಲ್ಲಿ ಮಾಡಿ ಯಾರಿಗೂ ಹೇಳದೆ ಮಾರಿದ್ದು ಬಯಲಾಗಿತ್ತು. ಅಂಥ ಡಿಸ್ಕು ನ್ಯಾಸಿನಲ್ಲಿ ಜೊತೆ ಕಟ್ಟುವಾಗ ತೆವಳುತ್ತದೆ. ಹಾಗೆ ಗೆರೆ ಹತ್ತಿಸದ ಸಿಎಂಆರ್ ಅಂತ ನೋಡಿಯೇ ತರಬೇಕು. 2025ರಲ್ಲಿ ನ್ಯಾಸ್ ಮಾಡುವ ಸೈನಾಲಜಿಯವರು ತಮ್ಮ ಆ ವರ್ಷದ ಪ್ಲಸ್ ಡಬ್ಬಿಗಳಿಗೆ ತಾವು ಒಪ್ಪಿದ ಡಿಸ್ಕೇ ಆಗಬೇಕು ಎಂದು ಹಟ ಹಿಡಿದು, ಗಿರಾಕಿಗಳು ಬೈದ ಮೇಲೆ ಅಕ್ಟೋಬರಿನಲ್ಲಿ ಹಟ ಸಡಿಲಿಸಿದರು. ಷಡ್ಡಕರು ಇದನ್ನೆಲ್ಲ ಕಾದು ನೋಡಿ, ಹಳೇ ಡಬ್ಬಿಯನ್ನೇ ಇಟ್ಟುಕೊಂಡು ಡಿಸ್ಕು ಮಾತ್ರ ತರಿಸಿದರು. ಎರಡನ್ನೂ ಬೇರೆ ಬೇರೆ ಅಂಗಡಿಯಿಂದ. ಒಂದೇ ದಿನ ಒಂದೇ ಕಾರ್ಖಾನೆಯಿಂದ ಹೊರಟವು ಒಂದೇ ಹೊತ್ತಿಗೆ ಸತ್ತರೆ ಅಳುವವರೂ ಇಲ್ಲ ಎಂಬುದು ಅವರ ವಾದ, ಸರಿಯಾದ ವಾದವೇ.

ಡಿಸ್ಕು ಬಂತು, ಹಾಕಿಯೂ ಆಯಿತು, ಪರದೆಯ ಮೇಲೆ 7.27 ಎಂದು ತೋರಿಸಿತು. ಷಡ್ಡಕರ ಮುಖ ನೋಡಬೇಕಿತ್ತು. “ತೂಕದಲ್ಲಿ ಹೊಡೆದ್ರು ನೋಡು! ಎಂಟಕ್ಕೆ ಮುಕ್ಕಾಲು ಕಮ್ಮಿ!” ಮಾಡಿದ ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ ಎಣಿಸುತ್ತದೆ, ಮಾಲು ಅಷ್ಟೇ ಇದೆ ಎಂದು ಹೇಳಿದೆ. ಮಂಡಿ ಕಂಡ ಮನುಷ್ಯನಿಗೆ ಇದು ಇಳಿಯುತ್ತದೆಯೇ? ಎರಡು ತಕ್ಕಡಿ ಇಟ್ಟುಕೊಂಡವರನ್ನು ಅವರು ಜೀವಮಾನದಲ್ಲಿ ನಂಬಿಲ್ಲ.

ಡಿಸ್ಕು ಬದಲಿಸುವ ಕೆಲಸ ಮಾತ್ರ ನೋಡುವಂಥದ್ದು. ಇದ್ದ ಎರಡರಲ್ಲೂ ಒಂದೇ ಮಾಲು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಅದೇ ಕ್ಷಣ ಬರೆದಿರುತ್ತದೆ. ಇದಕ್ಕೆ ರೇಡ್ ಎಂದು 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಹೆಸರಿಟ್ಟರು. ಒಂದು ದುಬಾರಿ ಡಿಸ್ಕಿನ ಬದಲು ಅಗ್ಗದ ನಾಲ್ಕನ್ನು ಕೂಡಿಸಿ ದುಡಿಸುವ ಉಪಾಯ, ನಮ್ಮವರಿಗೆ ಹೇಳಿಕೊಡಬೇಕಾದ್ದೇನಲ್ಲ. ಮೊದಲು ಒಂದು ಹಳೇ ಡಿಸ್ಕು ಎಳೆದು ಅಲ್ಲಿ ಹೊಸದನ್ನು ನೂಕಬೇಕು. ಉಳಿದ ಹಳೆಯದು ತನ್ನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸುರಿಯುವವರೆಗೆ ಕಾಯಬೇಕು. ಅದಾದ ಮೇಲೆ ಎರಡನೆಯದನ್ನು ಎಳೆದು ಮತ್ತೆ ಅದೇ ಪಾಡು. 8 ಟಿಬಿ ಪೂರ್ತಿ ಜೋಡಿಸಬೇಕಾದರೆ ಹನ್ನೆರಡು ಹದಿನೈದು ತಾಸು ಹಿಡಿಯುವುದುಂಟು. ಆ ಹೊತ್ತಿನಲ್ಲಿ ಮನೆತನದ ಸಮಸ್ತ ನೆನಪು ಒಂದೇ ಒಂದು ಹಳೇ ಡಿಸ್ಕಿನ ಮೇಲೆ ನಿಂತಿರುತ್ತದೆ. ಆ ಮುದುಕನೋ, ಜೀವಮಾನದಲ್ಲಿ ಓಡದಷ್ಟು ಆ ರಾತ್ರಿ ಓಡಬೇಕು. ಸಾಯುವುದಿದ್ದರೆ ಅವನು ಅವತ್ತೇ ಸಾಯುತ್ತಾನೆ.

ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಬಾರದು. ಷಡ್ಡಕರ ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೆ ಕರೆಂಟು ಹೋದಾಗ ಅದು ಎಚ್ಚರಾಗಲು ಒಂದು ಗಳಿಗೆ ತೆಗೆದುಕೊಳ್ಳುತ್ತದೆ. ಫ್ಯಾನಿಗೆ ಅದು ಗೊತ್ತಾಗುವುದಿಲ್ಲ, ಡಿಸ್ಕಿಗೆ ಗೊತ್ತಾಗುತ್ತದೆ. ಅದಕ್ಕೇ ನಡುವೆ ಒಂದು ಸಣ್ಣ ಯುಪಿಎಸ್.

ರಾತ್ರಿ ಹನ್ನೊಂದರ ಸುಮಾರಿಗೆ ಅವರ ತಾಯಿ ಎದ್ದು ಬಂದರು. “ಟೀವಿ ಹಿಂದೆ ಇಲಿ ಹೊಕ್ಕೈತೆ ಕಣೋ, ಕಟಕಟ ಅಂತೈತೆ.” ಡಿಸ್ಕಿನ ಮುಳ್ಳು ಓಡಾಡುವ ಸದ್ದು ಅದು. ಅಜ್ಜಿ ಬೆಳಿಗ್ಗೆ ಹೊತ್ತಿಗೆ ಅಲ್ಲೊಂದು ಇಲಿಬೋನು, ಅದರೊಳಗೊಂದು ಕೊಬ್ಬರಿ ಚೂರು ಇಟ್ಟಿದ್ದರು. ಡಬ್ಬಿಯ ಯೋಗ ಒಂದೇ ಥರದ್ದಲ್ಲ. ಆಯುಧ ಪೂಜೆಯ ದಿನ ಅದಕ್ಕೂ ಟ್ರ್ಯಾಕ್ಟರಿಗೂ ಒಂದೇ ಮರ್ಯಾದೆ: ವಿಭೂತಿ ಪಟ್ಟೆ, ಕುಂಕುಮ, ಚೆಂಡುಹೂವು. ಕುಂಕುಮ ಬಿದ್ದದ್ದು ಗಾಳಿ ಆಡುವ ಸಂದಿಗೆ. ಫ್ಯಾನು ಅದನ್ನು ಒಳಗೆ ಎಳೆದುಕೊಂಡು ತೃಪ್ತಿಪಟ್ಟಿತು.

ಇನ್ನು ತಕರಾರಿನ ವಿಷಯ. ಡಬ್ಬಿಯಲ್ಲಿ ಮನೆಮಂದಿಗೆಲ್ಲ ಒಂದೊಂದು ಖಾತೆ ತೆರೆಯಬೇಕು. ಯಾರು ಯಾವ ಫೋಲ್ಡರು ನೋಡಬಹುದು, ಯಾರು ಬರೆಯಬಹುದು ಎಂದು ಟಿಕ್ ಹಾಕುತ್ತ ಹೋಗಬೇಕು. ಕೂಡು ಕುಟುಂಬದಲ್ಲಿ ಈ ಟಿಕ್ ಹಾಕುವುದು ತಾಲ್ಲೂಕು ಕಚೇರಿಯಲ್ಲಿ ಪೋಡಿ ಮಾಡಿಸುವುದಕ್ಕಿಂತ ಕಷ್ಟ. ಸೊಸೆಯ ತವರಿನ ಫೋಟೋ ಅತ್ತೆಗೆ ಕಾಣಬಾರದು. ಅತ್ತೆಗೆ ಕಾಣದ ಫೋಲ್ಡರು ಮನೆಯಲ್ಲಿ ಇದೆ ಎಂಬುದೂ ಅತ್ತೆಗೆ ಕಾಣಬಾರದು. ಹಿರಿಮಗನಿಗೆ ತೋಟದ ಲೆಕ್ಕ ‘ಓದಲು ಮಾತ್ರ’. ಅವನು ಮುಖ ಊದಿಸಿಕೊಂಡು, “ಸಾಲ ತೀರಿಸೋಕೆ ಮಾತ್ರ ನಾನು ಬೇಕು, ತಿದ್ದೋಕೆ ಬೇಡ,” ಎಂದ. ಷಡ್ಡಕರು ಎಲ್ಲರನ್ನೂ ಸಮಾಧಾನ ಮಾಡಲು ‘ಎಲ್ಲರದ್ದು’ ಎಂಬ ಫೋಲ್ಡರು ಮಾಡಿದರು. ಅದರಲ್ಲಿ ಇವತ್ತಿಗೂ ಇರುವುದು ಗ್ಯಾಸ್ ಪುಸ್ತಕದ ಒಂದು ಸ್ಕ್ಯಾನು.

ಡಬ್ಬಿಗೊಂದು ಹೆಸರು ಬೇಕಿತ್ತು. ಷಡ್ಡಕರು ತಮ್ಮ ತಾಲ್ಲೂಕಿನ ಕೆರೆಯ ಹೆಮ್ಮೆಯಿಂದ ‘ಸೂಳೆಕೆರೆ’ ಅಂದರು. ಅವರ ಹೆಂಡತಿ ಒಳಗಿನಿಂದಲೇ, “ಮನೇಲಿ ಹೆಣ್ಣುಮಕ್ಕಳು ಬೆಳಿಗ್ಗೆ ಎದ್ದು ಅದಕ್ಕೆ ಲಾಗಿನ್ ಆಗಬೇಕು, ಕೆರೆಯ ಇನ್ನೊಂದು ಹೆಸರು ಶಾಂತಿಸಾಗರ ಅಂತಿಡಿ,” ಎಂದರು. ಶಾಂತಿಸಾಗರವೇ ಆಯಿತು. ಶಾಂತಿ ಆಗಲಿಲ್ಲ.

ಯಾಕೆಂದರೆ ಒಂದು ದಿನ ಕಿರಿಮಗ ಜಾಗ ಮಾಡಲು ಹೋಗಿ ‘ಮದುವೆ 2’ ಎಂಬ ಫೋಲ್ಡರು ಅಳಿಸಿದ. ‘ಮದುವೆ 1’ರ ನಕಲು ಇರಬೇಕೆಂದು ಅವನ ಅಂದಾಜು. ಅದು ಅವನ ಅತ್ತಿಗೆಯ ಆರತಕ್ಷತೆ. ಷಡ್ಡಕರು ನಗುತ್ತಲೇ, “ಅಳಿಸಿದ್ರೇನಂತೆ, ಇನ್ನೊಂದು ಡಿಸ್ಕಲ್ಲಿ ಇರ್ತದಲ್ಲ!” ಎಂದು ಎದೆ ತಟ್ಟಿಕೊಂಡರು. ಇನ್ನೊಂದು ಡಿಸ್ಕು ಬಲು ಪ್ರಾಮಾಣಿಕ. ಬರೆದರೆ ಬರೆಯುತ್ತದೆ, ಅಳಿಸಿದರೆ ಅದೇ ಕ್ಷಣ ಅಳಿಸುತ್ತದೆ. ಡಿಸ್ಕು ಸತ್ತರೆ ಜೊತೆ ಡಿಸ್ಕು ಉಳಿಸುತ್ತದೆ; ಮಗನ ಕೈಯಿಂದ ಉಳಿಸುವುದಿಲ್ಲ. ಪುಣ್ಯಕ್ಕೆ ಕಸದಬುಟ್ಟಿ ಚಾಲೂ ಇತ್ತು, ಆರತಕ್ಷತೆ ಅದರೊಳಗಿಂದ ಎದ್ದು ಬಂತು. ಹೃದಯದಾಕಾರದ ಚೌಕಟ್ಟಿನೊಳಗೆ ಮದುಮಕ್ಕಳು ತಿರುಗುತ್ತ ತಿರುಗುತ್ತ ತಾಜ್‌ಮಹಲಿನ ಮುಂದೆ ಇಳಿಯುವ ಆ ವಿಡಿಯೋ ಉಳಿದದ್ದಕ್ಕೆ ಸಂತೋಷಪಡಬೇಕೋ ಬೇಡವೋ ಎಂದು ಮದುಮಗನನ್ನೇ ಕೇಳಿ.

ಆಗ ನಾನು ನ್ಯಾಮತಿಯ ಮಾತೆತ್ತಿದೆ. ಇನ್ನೊಂದು ಪ್ರತಿ ಎಲ್ಲಿಡಬೇಕು ಎಂಬುದಕ್ಕೆ ನಮ್ಮ ಭಾಗದಲ್ಲಿ ಅದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಲ್ಲಿ ಕಿಟಕಿ ಮುರಿದು, ಗ್ಯಾಸ್ ಕಟ್ಟರ್‌ನಿಂದ ಲಾಕರ್ ಕೊಯ್ದು ಹದಿನೇಳು ಕೆಜಿಗೂ ಹೆಚ್ಚು ಅಡವಿಟ್ಟ ಬಂಗಾರ ಹೊಡೆದರು. ಸುಮಾರು 13 ಕೋಟಿಯ ಮಾಲು. ಹೋಗುವಾಗ ಖಾರದ ಪುಡಿ ಎರಚಿ ಹೋದರು, ಪೊಲೀಸ್ ನಾಯಿಗೆ ವಾಸನೆ ಸಿಗದಿರಲಿ ಎಂದು. ಅದು ಹಳೇ ವಿದ್ಯೆ. ಹೊಸದೇನೆಂದರೆ ಸಿಸಿ ಕ್ಯಾಮೆರಾದ ಡಿವಿಆರನ್ನೂ ಕಿತ್ತುಕೊಂಡು ಹೋದರು. ಕ್ಯಾಮೆರಾ ಎಷ್ಟಿದ್ದರೇನು, ಚಿತ್ರವೆಲ್ಲ ಬೀಳುವ ಡಿಸ್ಕು ಅದೇ ಕಟ್ಟಡದಲ್ಲಿದ್ದರೆ? ಕಳ್ಳನಿಗೆ ಬಂಗಾರದ ಜೊತೆ ಅವನದೇ ಫಿಲಂನ ಏಕೈಕ ಪ್ರತಿ ಬೋನಸ್ಸು.

ಬಂಗಾರ ಸಿಕ್ಕಿದ್ದೆಲ್ಲಿ ಗೊತ್ತೇ? 2025ರ ಮಾರ್ಚ್ ಕೊನೆಗೆ ದಾವಣಗೆರೆ ಪೊಲೀಸರು ಹೇಳಿದಾಗ ಊರೇ ಬಾಯಿ ಮೇಲೆ ಬೆರಳಿಟ್ಟುಕೊಂಡಿತು: ತಮಿಳುನಾಡಿನ ಮಧುರೈ ಜಿಲ್ಲೆ, ಉಸಿಲಂಪಟ್ಟಿ ಕಡೆಯ ಒಂದು ಬಾವಿ. ಹೆಚ್ಚಿನ ಪಾಲು ಅದರ ತಳದಲ್ಲೇ ಇತ್ತು. ನೋಡಿ, ಮಾಲು ಬೇರೆ ಊರಲ್ಲಿರಬೇಕು, ಬೆಂಕಿ-ಗಾಳಿ ತಾಗದಂತಿರಬೇಕು ಎಂಬ ಬುದ್ಧಿ ಕಳ್ಳರಿಗಿತ್ತು. ಅಮೆರಿಕದ ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್ ಇದನ್ನೇ ಮೂರು-ಎರಡು-ಒಂದು ಎಂದು ಸೂತ್ರ ಕಟ್ಟಿದ್ದಾನೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಿಂದ ಆಚೆ. ಷಡ್ಡಕರ ಮನೆಯಲ್ಲಿ ಒಂದು ಡಬ್ಬಿ, ಅದರ ಪಕ್ಕದಲ್ಲೇ ಒಂದು ಇಲಿಬೋನು.

“ಹಂಗಾದ್ರೆ ಹಳೇ 2 ಟಿಬಿ ಡಿಸ್ಕು ಎರಡು ಖಾಲಿ ಬಿದ್ದಾವಲ್ಲ, ಇನ್ನೊಂದು ಡಬ್ಬಿ ತಂದು ಅದಕ್ಕೆ ಹಾಕಿ ನಿಮ್ಮ ಮನೇಲಿ ಇಡಣ,” ಎಂದರು. ಎರಡನ್ನೂ ಒಂದಕ್ಕೊಂದು ನಕಲು ಮಾಡದೆ ಕೂಡಿಸಿದರೆ 4 ಟಿಬಿ ಆಗುತ್ತದೆ, ಅವರದು ಸದ್ಯಕ್ಕೆ 3 ಇದೆ, ಸರಿಹೋಗುತ್ತದೆ. ಆದರೆ ಹೊನ್ನಾಳಿ ಎಂದರೆ ತುಂಗಭದ್ರೆ. ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿದರೆ ನಮ್ಮ ಬಾಲರಾಜ್ ಘಾಟಿನವರು ಪಾತ್ರೆ ಪಗಡ ಎತ್ತಿಕೊಂಡು ಗಂಜಿ ಕೇಂದ್ರಕ್ಕೆ ಹೋಗುವುದು ಮಾಮೂಲು. ನನ್ನ ಮನೆ ಅಷ್ಟು ತಗ್ಗಿನಲ್ಲಿಲ್ಲ, ನಿಜ. ಆದರೂ ಬೇರೆಯವರ ಹೆಂಡತಿಯ ಸೀಮಂತದ ಫೋಟೋಗಳ ಜವಾಬ್ದಾರಿ ಹೊತ್ತು ಮಳೆಗಾಲ ಕಳೆಯುವ ಆಸೆ ನನಗಿರಲಿಲ್ಲ. ನ್ಯಾಮತಿಯ ನನ್ನ ತಂಗಿ, “ಇಲ್ಲಿ ಬ್ಯಾಂಕಿನದೇ ಉಳೀಲಿಲ್ಲ,” ಎಂದು ಮೊದಲೇ ಕೈ ಎತ್ತಿದಳು. ಉಳಿದದ್ದು ಜಗಳೂರು. ಹೊಳೆ ಇಲ್ಲ, ನೆರೆ ಇಲ್ಲ, ಮಾವನವರ ಮನೆಗೆ ಕಬ್ಬಿಣದ ಬಾಗಿಲಿದೆ. ನೀರಿನ ಭಯವೇ ಇಲ್ಲದ ಊರು. ಅಲ್ಲಿಯ 57 ಕೆರೆ ತುಂಬಿಸಲು ಹರಿಹರದ ಹತ್ತಿರ ದೀಟೂರಿನಿಂದ ತುಂಗಭದ್ರೆಯನ್ನು ಪೈಪಿನಲ್ಲಿ ಎತ್ತಿ ತರಬೇಕಾಯಿತು.

ಈಗ 3 ಟಿಬಿ ಚನ್ನಗಿರಿಯಿಂದ ಜಗಳೂರಿಗೆ ಹೋಗಬೇಕು. ಹಿರಿಮಗ ಲೆಕ್ಕ ಹಾಕಿದ. ಮನೆಯ ಫೈಬರ್ 40 ಎಂಬಿಪಿಎಸ್. ಒಂದು ನಿಮಿಷವೂ ನಿಲ್ಲದೆ ಹರಿದರೂ ಏಳು ದಿನ. ಕರೆಂಟು, ಕೇಬಲ್ಲು, ರಸ್ತೆ ಅಗೆಯುವ ಜೆಸಿಬಿ ಎಲ್ಲ ಸೇರಿಸಿದರೆ ಒಂದು ಅಮಾವಾಸ್ಯೆಯಿಂದ ಹುಣ್ಣಿಮೆ. ಷಡ್ಡಕರು ಜಗಳೂರಿನ ಡಬ್ಬಿಯನ್ನು ಚನ್ನಗಿರಿಯಲ್ಲೇ ತುಂಬಿಸಿ, ಹಳೇ ಸೀರೆಯಲ್ಲಿ ಸುತ್ತಿ, ಕೆಂಪು ಬಸ್ಸು ಹತ್ತಿದರು. ಸಂತೇಬೆನ್ನೂರು, ದಾವಣಗೆರೆ, ಜಗಳೂರು. ಮೂರು ತಾಸು ಎಂದಿಟ್ಟುಕೊಳ್ಳಿ, ಸೆಕೆಂಡಿಗೆ 275 ಎಂಬಿಗೂ ಹೆಚ್ಚಿನ ವೇಗ ಆಯಿತು. ಯಾವ ಕಂಪನಿಯೂ ಈ ಸೀಮೆಯಲ್ಲಿ ಇಂಥ ಇಂಟರ್‌ನೆಟ್ ಕೊಟ್ಟಿಲ್ಲ. ಸೀರೆ ಗಂಟು ತೊಡೆ ಮೇಲಿಟ್ಟುಕೊಂಡು ಕೂತವರನ್ನು ಪಕ್ಕದವರು, “ಮಗುಗೆ ಹುಷಾರಿಲ್ವಾ?” ಎಂದು ಕೇಳಿದರಂತೆ.

ಅಲ್ಲಿಂದ ಮುಂದೆ ರಾತ್ರಿ ಎರಡಕ್ಕೆ ದಿನದ ಬದಲಾವಣೆ ಮಾತ್ರ ಹರಿಯುತ್ತದೆ. ಅದಕ್ಕೂ ಎರಡೂ ಊರಿನ ಕೇಬಲ್ಲಿನವರು ಸ್ವಂತ ಐಪಿ ಕೊಡುವುದಿಲ್ಲ, ಬೀದಿಗೆಲ್ಲ ಒಂದೇ ನಂಬರು. ರೌಟರಿನಲ್ಲಿ ಪೋರ್ಟು ತೆರೆದಿಡಿ ಎಂದು ಒಬ್ಬ ಪುಕ್ಕಟೆ ಸಲಹೆ ಕೊಟ್ಟ. ಹಾಗೆ ಬಾಗಿಲು ತೆರೆದಿಟ್ಟವರಿಗೆ ಏನಾಯಿತೆಂದು 2022ರ ಜನವರಿಯಲ್ಲಿ ಕ್ಯೂನ್ಯಾಪ್ ಡಬ್ಬಿಯವರು ಕಂಡಿದ್ದಾರೆ. ಡೆಡ್‌ಬೋಲ್ಟ್ ಎಂಬುದೊಂದು ಒಳಹೊಕ್ಕು ಎಲ್ಲಕ್ಕೂ ಬೀಗ ಜಡಿದು, 0.03 ಬಿಟ್‌ಕಾಯಿನ್ ಕೊಡು ಎಂದಿತ್ತು. ಅದಕ್ಕೇ ಟೇಲ್‌ಸ್ಕೇಲ್ ಹಾಕಿಕೊಂಡು ಎರಡು ಡಬ್ಬಿಗೂ ಒಳಗಿಂದೊಳಗೇ ಗುಟ್ಟಿನ ದಾರಿ ಮಾಡಿದರು. ಅಡ್ಮಿನ್ ಪಾಸ್‌ವರ್ಡನ್ನು ಅಜ್ಜಿಯ ಹುಟ್ಟಿದ ವರ್ಷ ಇಡಬೇಡಿ ಎಂದು ನಾನೂ ಒಂದು ಮಾತು ಹೇಳಿದೆ. ಅಜ್ಜಿ ಹುಟ್ಟಿದ ವರ್ಷ ಅಜ್ಜಿಗೇ ಗೊತ್ತಿಲ್ಲವಾದ್ದರಿಂದ ಅದಕ್ಕಿಂತ ಭದ್ರ ಪಾಸ್‌ವರ್ಡ್ ಇಲ್ಲ ಎಂದರು.

ಮೊದಲ ಕರೆಂಟು ಬಿಲ್ಲು ಬಂದಾಗ ಜಗಳೂರಿನಿಂದ ಫೋನು. ಗೃಹಜ್ಯೋತಿಯಲ್ಲಿ ಹಿಂದಿನ ಬಳಕೆಯ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ ಮಿತಿ ಗೊತ್ತುಮಾಡಿರುತ್ತಾರೆ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು. ಮಾವನವರು ಒಂದು ಬಲ್ಬು ಆರಿಸಿ ಇನ್ನೊಂದು ಹಾಕುವ ಪೈಕಿ, ಅವರ ಮಿತಿ ಎಷ್ಟಿರಲು ಸಾಧ್ಯ? ಡಬ್ಬಿ ಎಂಬುದು ಹದಿನೆಂಟು ವ್ಯಾಟ್ ಎಂದರೂ ಹಗಲೂ ರಾತ್ರಿ ಸೇರಿ ತಿಂಗಳಿಗೆ 13 ಯೂನಿಟ್. “ಅಳಿಯಂದಿರೇ, ನಿಮ್ಮ ಹೋರಿ ನಮ್ಮನೆ ಕರೆಂಟು ಮೇಯ್ತಾ ಐತೆ.” ಷಡ್ಡಕರು ತಕ್ಷಣ ಫೋನ್‌ಪೇ ಮಾಡುತ್ತೇನೆಂದರು. ಮಾವ ಬೇಡ ಎಂದರು. ಬದಲಿಗೆ ಡಬ್ಬಿಯಲ್ಲಿ ತಮಗೂ ಒಂದು ಫೋಲ್ಡರು ಬೇಕು ಎಂದರು. ತಾಲ್ಲೂಕು ಕಚೇರಿಗಳಲ್ಲಿ ಭೂ ಸುರಕ್ಷಾ ಎಂದು ಹಳೇ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿರುವುದನ್ನು ಅವರು ಪೇಪರಿನಲ್ಲಿ ಓದಿದ್ದರಂತೆ, ತಮ್ಮ ಟ್ರಂಕಿನ ಕಾಗದಕ್ಕೂ ಗೆದ್ದಲು ಹತ್ತುವ ಮೊದಲು ಅದೇ ಆಗಲಿ ಎಂದು.

ಮೊಮ್ಮಗ ಹೋಗಿ ಸ್ಕ್ಯಾನ್ ಮಾಡಿ ಫೋಲ್ಡರು ಮಾಡಿಕೊಟ್ಟ. ಅದಕ್ಕೆ ಮಾವ ಹಾಕಿದ ಷರತ್ತು ಒಂದೇ: ಅಳಿಯಂದಿರಿಗೆ ಓದುವುದೂ ಇಲ್ಲ, ಬರೆಯುವುದೂ ಇಲ್ಲ. ಹುಡುಗ ಅಜ್ಜನ ಮಾತು ಮೀರದೆ ಅದಕ್ಕೆ ಎನ್‌ಕ್ರಿಪ್ಶನ್ ಬೀಗವನ್ನೂ ಜಡಿದು, ಕೀಲಿಪದವನ್ನು ಮಾವನವರ ಪಂಚಾಂಗದ ಹಿಂಬದಿ ರಟ್ಟಿನ ಮೇಲೆ ಬರೆದುಕೊಟ್ಟು ಬಂದ. ಒಳಗೆ ಏನಿದೆ ಎಂದರೆ ಬಾಯಿ ಬಿಡುವುದಿಲ್ಲ. ಫೋಲ್ಡರಿನ ಹೆಸರು ಮಾತ್ರ ಹೇಳಿದ: ‘ಭಾಗ’.

ಅಲ್ಲಿಂದೀಚೆಗೆ ಷಡ್ಡಕರಿಗೆ ಜಗಳೂರಿನ ಧೂಳಿನ ಚಿಂತೆ ಹತ್ತಿದೆ. ಫ್ಯಾನಿಗೆ ಕಸ ಕೂತಿರಬಹುದು, ಡಿಸ್ಕು ಬಿಸಿಯಾಗಬಹುದು ಎಂದು ಸಂತೆ ದಿನವೂ ಬಿಡದೆ ಹೋಗಿ ಡಬ್ಬಿ ಒರೆಸಿ ಬರುತ್ತಾರೆ. ಹೋದಾಗ ಮಾವನವರ ಹತ್ತಿರ ಇವತ್ತು ಯಾವ ನಕ್ಷತ್ರ ಎಂದು ಕೇಳುತ್ತಾರಂತೆ. ಇದು ಕಿವಿಗೆ ಬಿದ್ದಾಗಿನಿಂದ ನನ್ನ ಹೆಂಡತಿ ಒಂದು ಹಳೇ ಪಂಚೆ ಹರಿದು ನನಗೂ ಒರೆಸುವ ಬಟ್ಟೆ ಮಾಡಿಟ್ಟಿದ್ದಾಳೆ.